ಎತ್ತಿನ ಗಾಡಿಯೂ ಎಣ್ಣೆಯ ಬೆಲೆಯೂ

ಸಂಸಾರದ ಲೆಕ್ಕವನ್ನು ದಿನದಿನವೂ ಬರೆದಿಡುವ ಅಭ್ಯಾಸವು ನನಗೆ ನಮ್ಮ ತಂದೆಯವರಿಂದ ಬಂದದ್ದು. ಅವರು ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಹಾಲು, ಸೌದೆ, ಸೀಮೆಯೆಣ್ಣೆ, ಗಾಡಿ ಬಾಡಿಗೆ ಎಂದು ಸಾಲಾಗಿ ಬರೆಯುತ್ತಿದ್ದರು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದಮೇಲೂ ನಾನು ಆ ಪದ್ಧತಿಯನ್ನು ಬಿಟ್ಟಿಲ್ಲ. ಸೌದೆಯ ಜಾಗದಲ್ಲಿ ಈಗ ಸಿಲಿಂಡರು ಬಂದಿದೆ. ಸೀಮೆಯೆಣ್ಣೆಯ ಜಾಗದಲ್ಲಿ ಪೆಟ್ರೋಲು ಬಂದಿದೆ. ಮಿಕ್ಕದ್ದೆಲ್ಲಾ ಹೆಚ್ಚುಕಡಮೆ ಹಾಗೆಯೇ ಇರುವುದು. ಲೆಕ್ಕ ಬರೆಯುವವನಿಗೆ ಒಂದು ಲಾಭವುಂಟು: ಮಿಕ್ಕವರು ಗೊಣಗಿ ಮರೆತುಬಿಡುವುದನ್ನು ಅವನು ಮರೆಯಲಾರನು.

2025ನೆಯ ವರ್ಷದ ಮೊದಲ ಪುಟಗಳನ್ನು ತಿರುವಿದರೆ ಕಾಣುವುದಿಷ್ಟು. ಜನವರಿ 5ರಂದು ಸರ್ಕಾರಿ ಬಸ್ಸಿನ ದರವು ಶೇಕಡ 15ರಷ್ಟು ಏರಿತು. ಏಪ್ರಿಲ್ 1ರಂದು ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಅದೇ ದಿನ ವಿದ್ಯುತ್ತಿಗೆ ಯೂನಿಟ್ಟಿಗೆ 36 ಪೈಸೆ ಸೇರಿತು. ಅದೇ ದಿನವೇ ಡೀಸೆಲಿನ ಮೇಲಣ ರಾಜ್ಯದ ಮಾರಾಟ ತೆರಿಗೆಯು ಶೇಕಡ 18.44ರಿಂದ 21.17ಕ್ಕೆ ಏರಿ, ಲೀಟರಿನ ಬೆಲೆ 2 ರೂಪಾಯಿ ಮೇಲಕ್ಕೆ ಹೋಯಿತು. ಏಪ್ರಿಲ್ 8ರಂದು ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಹೆಚ್ಚಾಯಿತು. ಇವುಗಳಲ್ಲಿ ಮೊದಲಿನವು ರಾಜ್ಯದವರ ಕಾಲದಲ್ಲಿ ಅವರ ಒಪ್ಪಿಗೆಯಿಂದ ಆದವು. ಕಡೆಯದು ಕೇಂದ್ರದವರಿಂದ ಆದದ್ದು. ಪುಸ್ತಕದಲ್ಲಿ ಎರಡಕ್ಕೂ ಒಂದೇ ಮಸಿ.

ನನ್ನ ಮನೆಯಾಕೆ ಅದನ್ನು ನೋಡಿ, “ನಮ್ಮಲ್ಲಿ ಡೀಸೆಲಿನ ಗಾಡಿಯೇ ಇಲ್ಲವಲ್ಲ, ಅದನ್ನೇಕೆ ಬರೆದುಕೊಂಡಿರಿ?” ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳಿಸಿತು. ಹೊರಗೆ ಹೋಗಿ ಬಂದವಳು, “ಬರೆದದ್ದು ಸರಿಯೇ. ಸೊಪ್ಪಿನವಳು ಆಟೋದವನ ಬಾಡಿಗೆ ಜಾಸ್ತಿಯಾಯಿತೆಂದು ಕಟ್ಟನ್ನು ಸಣ್ಣದು ಮಾಡಿದ್ದಾಳೆ” ಎಂದಳು. ಅರ್ಥಶಾಸ್ತ್ರವನ್ನು ಓದಿದವರು ಎರಡು ಪುಟಗಳಲ್ಲಿ ಹೇಳುವುದನ್ನು ಆಕೆ ಒಂದು ಕಟ್ಟು ದಂಟಿನ ಸೊಪ್ಪಿನಲ್ಲಿ ತೋರಿಸಿಬಿಟ್ಟಳು. ಡೀಸೆಲು ನಮ್ಮ ಮನೆಗಳಿಗೆ ಡೀಸೆಲಾಗಿ ಬರುವುದಿಲ್ಲ. ಸೊಪ್ಪಾಗಿ, ಅಕ್ಕಿಯಾಗಿ, ಹಾಲಾಗಿ, ಇಟ್ಟಿಗೆಯಾಗಿ ಬರುತ್ತದೆ.

ಆ ದಿನಗಳಲ್ಲಿಯೇ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಮುಳಬಾಗಿಲು ತಾಲ್ಲೂಕಿನವನು, ಪಾಠದಲ್ಲಿ ಸಾಧಾರಣನಾದರೂ ಲೆಕ್ಕದಲ್ಲಿ ಜಾಣ. ಸಾಲ ಮಾಡಿ ಒಂದು ಪಿಕಪ್ ಗಾಡಿಯನ್ನು ಕೊಂಡು, ಸುತ್ತಣ ಹಳ್ಳಿಗಳ ತರಕಾರಿಯನ್ನು ಬೆಂಗಳೂರಿಗೆ ಮುಟ್ಟಿಸುತ್ತಾನೆ. ಹೋಗಿಬರುವುದಕ್ಕೆ ಸುಮಾರು 200 ಕಿಲೋಮೀಟರು. ಅದಕ್ಕೆ ಅವನ ಗಾಡಿಗೆ 16 ಲೀಟರು ಡೀಸೆಲು ಬೇಕು. 2024ನೆಯ ಜೂನ್ ತಿಂಗಳ ಮೊದಲಲ್ಲಿ ಲೀಟರಿಗೆ ಸುಮಾರು 86 ರೂಪಾಯಿ ಇದ್ದದ್ದು, ರಾಜ್ಯದವರು ಎರಡು ಸಾರಿ ತೆರಿಗೆ ಏರಿಸಿದಮೇಲೆ, 2025ನೆಯ ಏಪ್ರಿಲಿನಲ್ಲಿ ಸುಮಾರು 91 ರೂಪಾಯಿ ಆಯಿತು. ಒಂದು ಪ್ರಯಾಣಕ್ಕೆ 80 ರೂಪಾಯಿ ಹೆಚ್ಚು; ತಿಂಗಳಿಗೆ 25 ಪ್ರಯಾಣಗಳಾದರೆ 2000 ರೂಪಾಯಿ. “ಮಂಡಿಯವರು ಬಾಡಿಗೆ ಏರಿಸುವುದಿಲ್ಲ ಮೇಷ್ಟ್ರೇ. ನೀನಲ್ಲದಿದ್ದರೆ ಇನ್ನೊಬ್ಬ ಅಂತಾರೆ. ಈ ಎರಡು ಸಾವಿರ ನನ್ನ ಮಗ ಬೆಂಗಳೂರಲ್ಲಿ ಸ್ನೇಹಿತರ ಜೊತೆ ಇರೋ ರೂಮಿನ ಬಾಡಿಗೆಯ ಪಾಲು. ಅವನೀಗ ಕಾಲೇಜು ಮುಗಿಸಿ ರಾತ್ರಿ ಹನ್ನೊಂದರ ತನಕ ಮನೆಮನೆಗೆ ಊಟ ಕೊಡೋ ಕೆಲಸಕ್ಕೆ ಸೇರಿದ್ದಾನೆ, ಬೈಕಿನಲ್ಲಿ” ಎಂದನು. ಬೈಕಿಗೂ ಪೆಟ್ರೋಲು ಬೇಕಷ್ಟೆ ಎಂಬ ಮಾತು ನನ್ನ ಬಾಯಿಗೆ ಬಂದಿತು, ನುಂಗಿಕೊಂಡೆನು.

ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಕೇಳಿದನು: “ಮೇಷ್ಟ್ರೇ, ಈ ದೊಡ್ಡವರಿಗೆ ನಮ್ಮ ಕಷ್ಟ ಗೊತ್ತಾಗೋದೇ ಇಲ್ಲವೋ, ಗೊತ್ತಿದ್ದೂ ಸುಮ್ಮನಿರ್ತಾರೋ?”

ಈ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿ ನೋಡಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಕೋಲಾರದ ಸೀಮೆಯಲ್ಲಿ ಎಣ್ಣೆಯ ಬೆಲೆ ಏತಕ್ಕೆ ಅಷ್ಟು ತಟ್ಟುವುದೆಂಬುದನ್ನು ಮೊದಲು ಹೇಳಬೇಕು. ಇದು ವರ್ಷವಿಡೀ ಹರಿಯುವ ನದಿಯಿಲ್ಲದ ನಾಡು. ಕೆರೆಯನ್ನೂ ಕೊಳವೆ ಬಾವಿಯನ್ನೂ ನಂಬಿ, ಬೇಗನೆ ಹಣವಾಗುವ ಬೆಳೆಗಳನ್ನು ಬೆಳೆದು, ಅವನ್ನು ಬೆಂಗಳೂರಿಗೂ ಹೊರ ರಾಜ್ಯಗಳಿಗೂ ಕಳುಹಿಸಿ ಬದುಕುವ ಜನ ನಾವು. ನಾವು ಬೆಳೆದದ್ದನ್ನು ನಾವೇ ತಿಂದು ತೀರಿಸುವಂತಿದ್ದರೆ ಲಾರಿಯ ಚಿಂತೆ ಇರುತ್ತಿರಲಿಲ್ಲ. ಕೋಲಾರದ ಟೊಮೇಟೊ ಮಂಡಿಯು ಏಷ್ಯಾ ಖಂಡದ ಅತಿ ದೊಡ್ಡ ಮಂಡಿಗಳಲ್ಲೊಂದೆಂದು ಹೆಸರಾದದ್ದು. 2023ನೆಯ ಜುಲೈ ತಿಂಗಳಲ್ಲಿ ಅಲ್ಲಿ 15 ಕಿಲೋ ತೂಕದ ಬಾಕ್ಸು 2000 ರೂಪಾಯಿಗಳನ್ನು ದಾಟಿತು. ದೇಶವೆಲ್ಲಾ ಅದನ್ನೇ ಮಾತನಾಡಿತು. ಅದೇ ಬಾಕ್ಸು ಬೆಲೆ ಬಿದ್ದ ತಿಂಗಳಲ್ಲಿ ಕೀಳುವ ಕೂಲಿಗೂ ಸಾಲದೆ ಹೋಗುವುದುಂಟು. ಆಗ ಹಣ್ಣು ರಸ್ತೆಯ ಪಕ್ಕದಲ್ಲಿ ಬಿದ್ದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಟೊಮೇಟೊದ ಬೆಲೆ ಏರಿ ಇಳಿಯುತ್ತದೆ. ಅದನ್ನು ಹೊರುವ ಗಾಡಿಯ ಬಾಡಿಗೆಯು ಏರಿದ್ದು ಇಳಿಯುವುದಿಲ್ಲ. ರೈತನ ಕಷ್ಟದ ಗುಟ್ಟು ಇಲ್ಲಿಯೇ ಇದೆ.

ಶ್ರೀನಿವಾಸಪುರದ ಮಾವಿನದೂ ಇದೇ ಕಥೆ. ಅಲ್ಲಿಯ ತೋತಾಪುರಿಯ ಬಹುಭಾಗವು ನೆರೆಯ ಚಿತ್ತೂರು ಜಿಲ್ಲೆಯ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತಿದ್ದಿತು. 2025ನೆಯ ಜೂನ್ ತಿಂಗಳಲ್ಲಿ ಅಲ್ಲಿಯ ಜಿಲ್ಲಾಡಳಿತವು ಹೊರಗಿನ ತೋತಾಪುರಿ ಬರಕೂಡದೆಂದು ತಡೆ ಹಾಕಿದಾಗ ಬೆಲೆಯು ಕುಸಿಯಿತು. ರೈತರು ಬೀದಿಗೆ ಬಂದರು. ಹತ್ತಿರದ ಪೇಟೆ ಮುಚ್ಚಿಹೋದರೆ ದೂರದ ಪೇಟೆಗೆ ಒಯ್ಯಬೇಕು. ಕಿಲೋ ಒಂದಕ್ಕೆ ನಾಲ್ಕೈದು ರೂಪಾಯಿ ದೊರೆಯುವ ಹಣ್ಣನ್ನು 90 ರೂಪಾಯಿನ ಎಣ್ಣೆ ಸುರಿದು ದೂರಕ್ಕೆ ಒಯ್ಯುವವನಾರು?

ಮಾಲೂರಿನದು ಬೇರೆ ಬಗೆ. ಅಲ್ಲಿ ಹೂವು, ತರಕಾರಿ, ಹೆಂಚು, ಇಟ್ಟಿಗೆ. ಇಟ್ಟಿಗೆಯ ಬೆಲೆಯಲ್ಲಿ ಮಣ್ಣಿನ ಪಾಲಿಗಿಂತ ಸುಡುವುದರ ಪಾಲೂ ಹೊರುವುದರ ಪಾಲೂ ಹೆಚ್ಚು. ಆದರೆ ಮಾಲೂರಿಗೆ ಒಂದು ಭಾಗ್ಯವಿದೆ: ಬೆಂಗಳೂರಿನ ರೈಲು ಅಲ್ಲಿ ನಿಲ್ಲುತ್ತದೆ. ಬೆಳಗಿನ ರೈಲಿನಲ್ಲಿ ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುವ ಹುಡುಗನು ತನ್ನ ಪ್ರಯಾಣಕ್ಕಾಗಿ ಪೆಟ್ರೋಲಿನ ಮುಖ ನೋಡಬೇಕಾಗಿಲ್ಲ. ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ಬಂಗಾರಪೇಟೆಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ ಇದೆ, ಗಾಡಿಗಳು ಕಡಮೆ. ಮುಳಬಾಗಿಲಿಗೆ ಹಳಿಯೇ ಇಲ್ಲ. ಮೂಡಲ ಬಾಗಿಲೆಂದು ಹೆಸರು ಪಡೆದ ಊರಿನಲ್ಲಿ ಒಳಕ್ಕೆ ಬರುವುದೂ ಹೊರಕ್ಕೆ ಹೋಗುವುದೂ ಹೆದ್ದಾರಿಯಲ್ಲಿಯೇ, ಟೈರಿನ ಮೇಲೆಯೇ. ಅಲ್ಲಿಯ ಹೆಸರಾಂತ ದೋಸೆಗೂ ವ್ಯಾಪಾರದ 19 ಕಿಲೋ ಸಿಲಿಂಡರೇ ಬೇಕು. ಒಂದೇ ಬೆಲೆ ಏರಿಕೆಯು ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ವೇಷ ಹಾಕುವುದೆಂಬುದನ್ನು ಗಮನಿಸತಕ್ಕದ್ದು.

ಇನ್ನು ಬೆಲೆ ಹುಟ್ಟುವ ಬಗೆ. ಬಂಕಿನಲ್ಲಿ ನಾವು ಕೊಡುವ ಹಣದಲ್ಲಿ ನಾಲ್ಕು ಪಾಲುಗಳಿವೆ. ಕಚ್ಚಾ ಎಣ್ಣೆಯನ್ನು ತಂದು ಶುದ್ಧಿಮಾಡಿ ಸಾಗಿಸಿದ ವೆಚ್ಚ ಒಂದು. ಕೇಂದ್ರದ ಅಬಕಾರಿ ಸುಂಕ ಎರಡು. ಬಂಕಿನವನ ಕಮಿಷನ್ನು ಮೂರು. ರಾಜ್ಯದ ಮಾರಾಟ ತೆರಿಗೆ ನಾಲ್ಕು. ಕೇಂದ್ರದ ಸುಂಕವು ಲೀಟರಿಗೆ ಇಷ್ಟೆಂದು ಗೊತ್ತುಮಾಡಿದ ಮೊತ್ತ. ರಾಜ್ಯದ್ದು ಶೇಕಡಾವಾರು. ಶೇಕಡಾವಾರಿನ ಗುಣವೇನೆಂದರೆ, ಎಣ್ಣೆಯ ಬೆಲೆ ಏರಿದರೆ ತೆರಿಗೆಯೂ ತಾನಾಗಿ ಏರುವುದು. ಸುಂಕದ ಮೇಲೆಯೂ ತೆರಿಗೆ ಬೀಳುವುದು. ಯಾರೂ ಸಹಿ ಹಾಕಬೇಕಾಗಿಲ್ಲ, ಯಾರೂ ಹೊಣೆ ಹೊರಬೇಕಾಗಿಲ್ಲ.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗಿಂತಲೂ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಆದಕಾರಣ ಹೊರಗೆ ಬೆಲೆ ಏರಿದರೆ ಇಲ್ಲಿಯೂ ಏರುವುದು ಅನಿವಾರ್ಯವೆಂದು ಹೇಳುವರು. ಮಾತು ನಿಜ, ಆದರೆ ಅರ್ಧ ನಿಜ. ಹೊರಗೆ ಇಳಿದಾಗ ಇಲ್ಲಿಯೂ ಇಳಿಯಿತೇ ಎಂದು ಕೇಳಬೇಕಷ್ಟೆ. 2014ರಲ್ಲಿ ಕೇಂದ್ರದ ಸುಂಕವು ಪೆಟ್ರೋಲಿನ ಮೇಲೆ ಲೀಟರಿಗೆ 9 ರೂಪಾಯಿ 48 ಪೈಸೆ, ಡೀಸೆಲಿನ ಮೇಲೆ 3 ರೂಪಾಯಿ 56 ಪೈಸೆ ಇದ್ದಿತು. 2020ನೆಯ ವರ್ಷ ಮಹಾವ್ಯಾಧಿಯ ಕಾಲದಲ್ಲಿ ಲೋಕದ ಕಚ್ಚಾ ಎಣ್ಣೆಯು ನೆಲ ಕಚ್ಚಿತು. ಆಗ ಮೇ ತಿಂಗಳಲ್ಲಿ ಸುಂಕವನ್ನು ಏರಿಸಿದುದರಿಂದ ಅದು ಪೆಟ್ರೋಲಿಗೆ 32 ರೂಪಾಯಿ 98 ಪೈಸೆಯೂ ಡೀಸೆಲಿಗೆ 31 ರೂಪಾಯಿ 83 ಪೈಸೆಯೂ ಆಯಿತು. ಎಣ್ಣೆ ಇಳಿದ ಲಾಭವೆಲ್ಲಾ ಬೊಕ್ಕಸಕ್ಕೆ ಹೋಯಿತು. ಮುಂದೆ ಹೊರಗಿನ ಬೆಲೆ ಏರಿದಾಗ ನಷ್ಟವು ನಮ್ಮ ಪಾಲಿಗೆ ಬಂದಿತು: 2021ನೆಯ ಜೂನ್ ತಿಂಗಳಲ್ಲಿ ಬೆಂಗಳೂರಿನ ಪೆಟ್ರೋಲು ನೂರು ರೂಪಾಯಿಗಳನ್ನು ದಾಟಿತು, 2022ನೆಯ ಏಪ್ರಿಲಿನಲ್ಲಿ 111 ರೂಪಾಯಿಗಳನ್ನು ಮುಟ್ಟಿತು. 2021ರ ನವೆಂಬರಿನಲ್ಲಿಯೂ 2022ರ ಮೇ ತಿಂಗಳಿನಲ್ಲಿಯೂ ಸುಂಕವನ್ನು ಇಳಿಸಿದರೆಂಬುದನ್ನೂ, ನವೆಂಬರಿನಲ್ಲಿ ನಮ್ಮ ರಾಜ್ಯದವರೂ ಲೀಟರಿಗೆ 7 ರೂಪಾಯಿ ಬಿಟ್ಟುಕೊಟ್ಟರೆಂಬುದನ್ನೂ ನ್ಯಾಯವಾಗಿ ಹೇಳಬೇಕು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಪೆಟ್ರೋಲು ಡೀಸೆಲುಗಳನ್ನು ಅದರ ಹೊರಗಿಟ್ಟವರು ಯಾವ ಒಂದು ಪಕ್ಷದವರೂ ಅಲ್ಲ. ಕೇಂದ್ರವೂ ರಾಜ್ಯಗಳೂ ಒಂದಾಗಿ ಇಟ್ಟದ್ದು.

ಸಂಸ್ಕೃತದಲ್ಲಿ ಕರವೆಂಬ ಶಬ್ದಕ್ಕೆ ಕೈಯೆಂದೂ, ಕಿರಣವೆಂದೂ, ತೆರಿಗೆಯೆಂದೂ ಅರ್ಥಗಳುಂಟು. ಸೂರ್ಯನು ತನ್ನ ಕರಗಳಿಂದ ನೀರನ್ನು ಹೀರುವುದು ಮಳೆಯಾಗಿ ಕೊಡುವುದಕ್ಕೆಂದು ನಮ್ಮ ಪ್ರಾಚೀನರು ಅರಸರಿಗೆ ಬುದ್ಧಿ ಹೇಳುತ್ತಿದ್ದರು. ಈ ಉಪಮಾನವು ಕೋಲಾರದವರಿಗೆ ತಿಳಿದಷ್ಟು ಚೆನ್ನಾಗಿ ಮತ್ತಾರಿಗೂ ತಿಳಿಯದು. ನಮ್ಮ ಕೆರೆಯ ನೀರು ಆವಿಯಾಗಿ ಹೋಗುವುದನ್ನು ಪ್ರತಿ ಬೇಸಗೆಯಲ್ಲಿಯೂ ನೋಡುತ್ತೇವೆ. ಮೋಡವು ಎಲ್ಲಿ ಸುರಿಯುವುದೋ ಕಾಣೆವು.

ಈಗ ಶಿಷ್ಯನ ಪ್ರಶ್ನೆಗೆ ಬರೋಣ. ರಾಜಕಾರಣಿಗಳಿಗೆ ನಮ್ಮ ಕಷ್ಟವು ತಿಳಿಯದೇ? ತಿಳಿಯದೆಂದು ಹೇಳುವವರು ಕೊಡುವ ಕಾರಣವು ಹಗುರವಾದುದಲ್ಲ. ತನ್ನ ಜೇಬಿನಿಂದ ಎಣ್ಣೆ ಕೊಳ್ಳದವನಿಗೆ ಎಣ್ಣೆಯ ಬೆಲೆಯು ಪತ್ರಿಕೆಯ ಸುದ್ದಿ ಮಾತ್ರ. 2025ನೆಯ ಮಾರ್ಚ್ 21ರಂದು ನಮ್ಮ ವಿಧಾನಮಂಡಲದಲ್ಲಿ ಗದ್ದಲದ ನಡುವೆ, ಚರ್ಚೆಯಿಲ್ಲದೆ, ಶಾಸಕರ ತಿಂಗಳ ಸಂಬಳವನ್ನು 40,000ದಿಂದ 80,000ಕ್ಕೂ, ಮುಖ್ಯಮಂತ್ರಿಗಳದನ್ನು 75,000ದಿಂದ ಒಂದೂವರೆ ಲಕ್ಷಕ್ಕೂ ಏರಿಸುವ ಮಸೂದೆಗಳು ಅಂಗೀಕೃತವಾದುವು. ಬೆಲೆಗಳು ಏರಿವೆ, ಸಂಬಳ ಸಾಲದು ಎಂಬುದೇ ಅದಕ್ಕೆ ಕಾರಣವೆಂದು ಹೇಳಿದರು. ಹನ್ನೊಂದು ದಿನಗಳಾದಮೇಲೆ ಡೀಸೆಲಿನ ತೆರಿಗೆ ಏರಿತು. ಏರಿದ ಬೆಲೆ ತಮಗೆ ತಟ್ಟಿದಾಗ ಪರಿಹಾರವು ಒಂದೇ ದಿನದಲ್ಲಿ ದೊರೆಯುವುದೆಂಬುದನ್ನು ಅವರು ತೋರಿಸಿಕೊಟ್ಟರು.

ಆದರೂ ಅವರಿಗೆ ತಿಳಿಯದೆಂಬ ಮಾತನ್ನು ನಾನು ಒಪ್ಪಲಾರೆನು. ಲೆಕ್ಕದ ಪುಸ್ತಕವು ಬೇರೆ ಸಾಕ್ಷ್ಯವನ್ನು ಹೇಳುತ್ತದೆ. 2010ರಿಂದ ಪೆಟ್ರೋಲಿನ ಬೆಲೆಯನ್ನೂ 2014ರಿಂದ ಡೀಸೆಲಿನ ಬೆಲೆಯನ್ನೂ ಎಣ್ಣೆ ಕಂಪೆನಿಗಳೇ ಪೇಟೆಯನ್ನು ನೋಡಿ ಗೊತ್ತುಮಾಡುವರೆಂದು ಸರ್ಕಾರವು ಹೇಳಿತು. 2017ನೆಯ ಜೂನಿನಿಂದ ಬೆಲೆಯು ದಿನವೂ ಬದಲಾಯಿಸತೊಡಗಿತು. ಹೀಗಿರಲಾಗಿ 2018ನೆಯ ಏಪ್ರಿಲ್ 24ರಿಂದ ಮುಂದಕ್ಕೆ 19 ದಿನ ಬೆಲೆಯು ಅಲುಗಾಡದೆ ನಿಂತಿತು. ಮೇ 12ರಂದು ಕರ್ಣಾಟಕದಲ್ಲಿ ಮತದಾನವಾಯಿತು. ಮೇ 14ರಿಂದ ಬೆಲೆಯು ಮತ್ತೆ ದಿನದಿನವೂ ಏರಹತ್ತಿತು. 2021ನೆಯ ನವೆಂಬರಿನಿಂದ 2022ನೆಯ ಮಾರ್ಚ್ 22ರವರೆಗೆ 137 ದಿನ ಬೆಲೆಯು ಹಾಗೆಯೇ ನಿಂತಿತು. ಆ ನಡುವೆ ಉತ್ತರಪ್ರದೇಶವೇ ಮೊದಲಾದ ಐದು ರಾಜ್ಯಗಳ ಚುನಾವಣೆ ಮುಗಿಯಿತು. ಆಮೇಲಿನ 16 ದಿನಗಳಲ್ಲಿ ಲೀಟರಿಗೆ 10 ರೂಪಾಯಿ ಏರಿತು. 2024ನೆಯ ಮಾರ್ಚಿಯಲ್ಲಿ, ಲೋಕಸಭಾ ಚುನಾವಣೆಯ ಹೊಸಿಲಿನಲ್ಲಿ, ಸಿಲಿಂಡರು 100 ರೂಪಾಯಿಯೂ ಪೆಟ್ರೋಲು 2 ರೂಪಾಯಿಯೂ ಇಳಿದುವು. ಜೂನ್ 4ರಂದು ಫಲಿತಾಂಶ ಬಂದಿತು; ಜೂನ್ 15ರಂದು ನಮ್ಮ ರಾಜ್ಯದ ಸರ್ಕಾರವು ಪೆಟ್ರೋಲಿನ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೂ, ಡೀಸೆಲಿನದನ್ನು 14.34ರಿಂದ 18.44ಕ್ಕೂ ಏರಿಸಿತು.

ಈ ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಸಂಶಯಕ್ಕೆಡೆಯಿಲ್ಲ. ನಮಗೆ ಎಲ್ಲಿ ನೋಯುವುದೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನು ಚುನಾವಣೆಯ ಮುಂದೆ ಅಷ್ಟು ಸರಿಯಾಗಿ ಕೈ ತಡೆಯಲಾರನು. ಮತ ಕೊಡುವ ದಿನ ಹತ್ತಿರವಾದಂತೆ ಅವರ ಕರುಣೆಯು ಬೆಳೆಯುವುದು. ಮತಪೆಟ್ಟಿಗೆಗೆ ಮುದ್ರೆ ಬಿದ್ದಮೇಲೆ ಅದಕ್ಕೆ ಗ್ರಹಣ ಹಿಡಿಯುವುದು.

ಇದೇ ಮಾತನ್ನು ಎತ್ತಿನ ಗಾಡಿಯೂ ಹೇಳುತ್ತದೆ. 1973ನೆಯ ವರ್ಷ ಅರಬ್ ದೇಶಗಳ ಎಣ್ಣೆಯ ಬಿಕ್ಕಟ್ಟಿನಲ್ಲಿ ಪೆಟ್ರೋಲಿನ ಬೆಲೆ ಏರಿದಾಗ, ಆಗ ವಿರೋಧ ಪಕ್ಷದಲ್ಲಿದ್ದ ಅಟಲ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. ನಾನಾಗ ಏಳೆಂಟು ವರ್ಷದ ಹುಡುಗ. ಸೀಮೆಯೆಣ್ಣೆಯ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತದ್ದು ನೆನಪಿದೆ. 2021ನೆಯ ಸೆಪ್ಟೆಂಬರ್ 13ರಂದು ಸಿದ್ಧರಾಮಯ್ಯನವರೂ ಡಿ. ಕೆ. ಶಿವಕುಮಾರರೂ ಎಣ್ಣೆಯ ಬೆಲೆ ಏರಿದುದನ್ನು ಖಂಡಿಸಿ ಎತ್ತಿನ ಗಾಡಿಯಲ್ಲಿ ವಿಧಾನಸೌಧಕ್ಕೆ ಬಂದರು. 2023ರ ವಿಧಾನಸಭಾ ಚುನಾವಣೆಯ ವೇಳೆಯಲ್ಲಿ ಸಿಲಿಂಡರಿಗೆ ಹೂವೇರಿಸಿ ಪೂಜೆಯೂ ಆಯಿತು. ಮುಂದೆ ಅವರದೇ ಸರ್ಕಾರ ಬಂದು 2024ರ ಜೂನಿನಲ್ಲಿ ತೆರಿಗೆ ಏರಿಸಿದಾಗ, 2021ರಲ್ಲಿ ಆಳುತ್ತಿದ್ದ ಭಾರತೀಯ ಜನತಾ ಪಕ್ಷದವರು ರಾಜ್ಯವೆಲ್ಲಾ ಬೀದಿಗಿಳಿದು ಕೂಗಿದರು. ಎತ್ತುಗಳಿಗೆ ಪಕ್ಷವಿಲ್ಲ, ಅಧಿಕಾರವಿಲ್ಲದವರನ್ನು ಹೊತ್ತುಕೊಂಡು ಹೋಗುತ್ತವೆ, ಅಧಿಕಾರ ಬಂದೊಡನೆ ಅವರು ಇಳಿದು ಮೋಟಾರು ಹತ್ತುತ್ತಾರೆ.

ಸರ್ಕಾರದ ಪಕ್ಷದ ಮಾತನ್ನೂ ಕೇಳದೆ ತೀರ್ಪು ಹೇಳುವುದು ಉಪಾಧ್ಯಾಯನಿಗೆ ಒಪ್ಪುವುದಿಲ್ಲ. ರಸ್ತೆ, ಆಸ್ಪತ್ರೆ, ಪಾಠಶಾಲೆಗಳಿಗೆ ಹಣ ಬೇಕು. ನನ್ನ ಪಿಂಚಣಿಗೂ ಅದೇ ಬೊಕ್ಕಸ. ತೆರಿಗೆ ಏರಿಸಿದಮೇಲೂ ನಮ್ಮಲ್ಲಿಯ ಬೆಲೆಯು ನೆರೆಯ ರಾಜ್ಯಗಳಿಗಿಂತ ಕಡಮೆಯೆಂದು ಅವರು ಹೇಳಿದರು; ಆಂಧ್ರದ ಗಡಿಯಲ್ಲಿರುವ ಮುಳಬಾಗಿಲಿನವರಿಗೆ ಅದು ನಿಜವೆಂದು ಗೊತ್ತು. 2023ನೆಯ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಕೊಟ್ಟದ್ದು ಸಣ್ಣ ಉಪಕಾರವಲ್ಲ. ನಮ್ಮ ಬೀದಿಯ ಹೂವಿನವಳು ಅದರಿಂದ ತಿಂಗಳಿಗೆ ಒಂದು ಚೀಟಿ ಕಟ್ಟುತ್ತಿದ್ದಾಳೆ. ಆದರೆ ಆಕೆಗೆ ಬಸ್ಸಿನಲ್ಲಿ ಕಾಸಿಲ್ಲದ ಸೀಟು ದೊರೆತರೂ, ಆಕೆಯ ಹೂವಿನ ಮೂಟೆಯು ಬಾಡಿಗೆಯ ಟೆಂಪೋದಲ್ಲಿಯೇ ಬರಬೇಕು. ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಎಷ್ಟು ಹಿಂತಿರುಗಿ ಹೋಗುವುದೆಂಬ ಲೆಕ್ಕವನ್ನು ಕೊಟ್ಟವರೇ ಹೇಳಿದರೆ ಅದು ಪ್ರಾಮಾಣಿಕತೆ.

ಹಾಗಾದರೆ ಕಷ್ಟವನ್ನು ಅರಿಯುವುದೆಂದರೇನು? ಇದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಕೋಲಾರದ ಚಿನ್ನದ ಗಣಿಗಳು ಹಬೆಯ ಯಂತ್ರಗಳಿಂದ ನಡೆಯುತ್ತಿದ್ದ ಕಾಲದಲ್ಲಿ ಅವಕ್ಕೆ ಕಲ್ಲಿದ್ದಲೂ ಸೌದೆಯೂ ಬೇಕಾಗುತ್ತಿದ್ದುವು. ಉರುವಲಿನ ವೆಚ್ಚವು ಮಿತಿಮೀರಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸಿ, ಸುಮಾರು 92 ಮೈಲಿ ದೂರದ ಗಣಿಗಳಿಗೆ ತಂತಿಯ ಮೇಲೆ ಕಳುಹಿಸುವ ಸಾಹಸಕ್ಕೆ ಕೈಹಾಕಿದರು. ಅಷ್ಟು ದೂರಕ್ಕೆ ವಿದ್ಯುತ್ತು ಹೋಗುವುದು ಲೋಕಕ್ಕೇ ಹೊಸ ಮಾತು. 1902ನೆಯ ಜೂನ್ 30ರಂದು ಆ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿತು. ದಿವಾನರು ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ಕಾಲವಾಗಿದ್ದರು. ಅವರು ಮತಕ್ಕಾಗಿ ಅದನ್ನು ಮಾಡಿದವರಲ್ಲ, ಸಾಮಾನ್ಯ ಜನರಿಗೆ ಆಗ ಮತವೇ ಇರಲಿಲ್ಲ. ಆ ಬೆಳಕು ಮೊದಲು ಹೋದದ್ದು ವಿಲಾಯಿತಿ ಕಂಪೆನಿಯ ಗಣಿಗೆ. ಪಕ್ಕದ ಹಳ್ಳಿಯ ಗುಡಿಸಲಿಗೆ ಬರುವುದಕ್ಕೆ ಎಷ್ಟೋ ದಶಕಗಳು ಹಿಡಿದುವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಒಂದು ಪಾಠವುಂಟು. ಉರುವಲಿನ ಕಷ್ಟವನ್ನು ನಿಜವಾಗಿ ಅರಿತವನು ಬೆಲೆಯನ್ನು ನಾಲ್ಕು ದಿನ ತಡೆದು ಕೂರುವುದಿಲ್ಲ. ಆ ಉರುವಲು ಬೇಡವಾಗುವ ದಾರಿಯನ್ನು ಹತ್ತು ವರ್ಷ ಮುಂಚೆ ಹುಡುಕುತ್ತಾನೆ.

ಆ ದೃಷ್ಟಿಯಿಂದ ನೋಡಿದರೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬೇಕಾದುದೇನು? ಮುಳಬಾಗಿಲಿಗೆ ರೈಲು. ಕೋಲಾರ, ಶ್ರೀನಿವಾಸಪುರಗಳ ಹಳಿಯ ಮೇಲೆ ಬೆಳಗೂ ಸಂಜೆಯೂ ಕೆಲಸದವರಿಗೂ ತರಕಾರಿಗೂ ಅನುಕೂಲವಾದ ಗಾಡಿಗಳು. ಮಾವು ಟೊಮೇಟೊಗಳನ್ನು ದೂರ ಹೊರದೆ ಇಲ್ಲಿಯೇ ತಿರುಳು ಮಾಡುವ, ತಂಪಿನಲ್ಲಿಡುವ ಕಾರ್ಖಾನೆಗಳು. ರಾಜ್ಯದ ತೆರಿಗೆಯು ಶೇಕಡಾವಾರಾಗಿ ತಾನೇ ಬೆಳೆಯುವುದನ್ನು ಬಿಟ್ಟು, ಲೀಟರಿಗೆ ಇಷ್ಟೆಂದು ನಿಲ್ಲುವುದು. ಏರಿಸಬೇಕಾದರೆ ಸದನದಲ್ಲಿ ಎದ್ದು ನಿಂತು ಕಾರಣ ಹೇಳಿ ಏರಿಸುವುದು. 2022–23ನೆಯ ಆಯವ್ಯಯದಲ್ಲಿ ರೈತರ ಡೀಸೆಲಿಗೆಂದು ಎಕರೆಗೆ 250 ರೂಪಾಯಿಯಂತೆ, ಐದು ಎಕರೆಯವರೆಗೆ, ಸಹಾಯಧನವನ್ನು ಸಾರಿದರು. ಒಳ್ಳೆಯದೇ, ಆದರೆ ಬಿಡಿ ಸಹಾಯಕ್ಕಿಂತ ನಿಲ್ಲುವ ವ್ಯವಸ್ಥೆಯು ಮೇಲು.

ಇವನ್ನೆಲ್ಲಾ ಅವರು ತಾವಾಗಿ ಮಾಡುವರೆಂದು ನಾನು ನಂಬುವುದಿಲ್ಲ. ಇಲ್ಲಿ ತಪ್ಪಿನ ಒಂದು ಪಾಲು ನಮ್ಮದು. ಎತ್ತಿನ ಗಾಡಿ ಬಂದಾಗ ಚಪ್ಪಾಳೆ ತಟ್ಟಿದವರು ನಾವು. ಅಭ್ಯರ್ಥಿಯ ಹಿಂದೆ ಎಷ್ಟು ಕಾರುಗಳು ಬಂದುವೆಂದು ಎಣಿಸಿ ಅವನ ಯೋಗ್ಯತೆಯನ್ನು ಅಳೆಯುವವರೂ ನಾವೇ. ಬೆಲೆ ಇಳಿದ ವಾರ ಹೊಗಳಿ, ಏರಿದ ವಾರ ಬಯ್ದು, ಮೂರನೆಯ ವಾರ ಮರೆಯುವೆವು. ನಮ್ಮ ಮರೆವನ್ನು ನಂಬಿಯೇ ಅವರು ತಾರೀಖುಗಳನ್ನು ಗೊತ್ತುಮಾಡುತ್ತಾರೆ.

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೈಸೂರಿನ ಶಾಸನಸಭೆಯಲ್ಲಿದ್ದು ರಾಜ್ಯಭಾರವನ್ನು ಹತ್ತಿರದಿಂದ ಕಂಡವರು. ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು ಪ್ರಜೆಗಳಿಗೆ ರಾಜಕಾರ್ಯದ ತಿಳಿವಳಿಕೆ ಬರಲೆಂದು. ಆಳುವವರಿಗೆ ಬುದ್ಧಿ ಹೇಳುವುದಕ್ಕಿಂತ ಆಳಿಸಿಕೊಳ್ಳುವವರಿಗೆ ಕಣ್ಣು ತೆರೆಯಿಸುವುದು ಮುಖ್ಯವೆಂದು ಅವರಿಗೆ ತೋರಿದ್ದಿರಬೇಕು. ಅವರ ಊರಿನವನಾದ ನನ್ನ ಶಿಷ್ಯನಿಗೆ ನಾನು ಕೊಡಬಹುದಾದ ಉತ್ತರವೂ ಅದೇ ಜಾಡಿನದು.

ಮುಂದಿನ ಸಾರಿ ಅವನು ಬಂದಾಗ ಹೇಳಿದೆನು: “ಅವರಿಗೆ ಗೊತ್ತಪ್ಪ. ಐದು ವರ್ಷಕ್ಕೊಂದು ಸಾರಿ, ಇಪ್ಪತ್ತು ದಿನ, ಬಹಳ ಚೆನ್ನಾಗಿ ಗೊತ್ತು. ಮಿಕ್ಕ ದಿನಗಳಲ್ಲಿ ನೆನಪು ಮಾಡಿಕೊಡುವುದು ನಿನ್ನ ಕೆಲಸ, ನನ್ನ ಕೆಲಸ.” ಅವನು ನಕ್ಕನು. “ನಾವು ಹೇಳಿದರೆ ಯಾರು ಕೇಳ್ತಾರೆ ಮೇಷ್ಟ್ರೇ?” ಎಂದನು. ನಾನು ಅಂಗಡಿಯಿಂದ ತಂದಿರಿಸಿದ್ದ ಒಂದು ರಟ್ಟಿನ ಪುಸ್ತಕವನ್ನು ಅವನ ಕೈಗೆ ಕೊಟ್ಟೆನು. “ಪ್ರಯಾಣ ಪ್ರಯಾಣಕ್ಕೂ ಬರೆದಿಡು. ಎಷ್ಟು ಲೀಟರು, ಎಷ್ಟು ಹಣ, ಅದರಲ್ಲಿ ತೆರಿಗೆ ಎಷ್ಟು. ಮತ ಕೇಳುವುದಕ್ಕೆ ಯಾವ ಪಕ್ಷದವನೇ ಬರಲಿ, ಕೂರಿಸಿ, ನೀರು ಕೊಟ್ಟು, ಓದಿ ಹೇಳು. ನಿನ್ನ ಹಾಗೆ ಊರಿಗೆ ಹತ್ತು ಜನ ಓದಿದರೆ ಸಾಕು” ಎಂದೆನು.

ಅವನು ಪುಸ್ತಕವನ್ನು ತಿರುಗಿಸಿ ನೋಡಿದನು. ಮೊದಲ ಪುಟದಲ್ಲಿ ತಾರೀಖು ಹಾಕಿ, ಬೆಳಗ್ಗೆ ತುಂಬಿಸಿದ ಡೀಸೆಲಿನ ಲೆಕ್ಕವನ್ನು ಅಲ್ಲಿಯೇ ಕುಳಿತು ಬರೆದನು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಅದರ ಕೆಳಗೆ ಇನ್ನೊಂದು ಸಾಲು ಬರೆದನು: ಮಗನ ಬೈಕಿನ ಪೆಟ್ರೋಲು.